ಗಾಲ್ಫ್ ನಮ್ಮ ಬೈಲಿಗೂ ಬರಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಜಿಲ್ಲೆಯವನು, ಬದಿಯಡ್ಕದ ಕಡೆಯವನು. ಹನ್ನೊಂದು ವರ್ಷ ಗಲ್ಫಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸ ಮಾಡಿದ್ದೇನೆ. ಊರಿಗೆ ಬಂದ ಮೇಲೆ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ದು ಖಾಲಿ ಬಿದ್ದ ಗದ್ದೆಯಲ್ಲಿ, ಭಾನುವಾರ ಬೆಳಿಗ್ಗೆ, ಮಕ್ಕಳಿಗೆ ಈ ಆಟ ಹೇಳಿಕೊಡುತ್ತಿದ್ದೇನೆ. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಮಕ್ಕಳ ಅಪ್ಪ ಅಮ್ಮ ಕೇಳುತ್ತಾರೆ. ಬೇರೆ ಶಾಲೆಯ ಪಿ.ಟಿ. ಮಾಷ್ಟ್ರುಗಳೂ ಫೋನ್ ಮಾಡಿ ಕೇಳುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಗಲ್ಫಾ, ಗಾಲ್ಫಾ?

ಗಾಲ್ಫ್. ನಮ್ಮಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುವುದರಿಂದ ಕಿವಿಗೆ ಹಾಗೆ ಬೀಳುವುದು ಸಹಜ. ಚೆಂಡನ್ನು ಕೋಲಿನಿಂದ ಹೊಡೆದು, ದೂರದ ಗುಂಡಿಗೆ ಬೀಳಿಸುವ ಆಟ. ಯಾರು ಕಡಿಮೆ ಹೊಡೆತದಲ್ಲಿ ಬೀಳಿಸುತ್ತಾರೋ ಅವರು ಗೆದ್ದ ಹಾಗೆ. ಪೂರ್ತಿ ಆಟಕ್ಕೆ 18 ಗುಂಡಿ. 9 ಗುಂಡಿಯ ಆಟವೂ ಉಂಟು.

ಈ ಆಟಕ್ಕೆ ಹೊಸಬರು ಯಾಕೆ ಬೇಕು? ಇದ್ದವರು ಆಡಿಕೊಂಡಿದ್ದರೆ ಸಾಲದಾ?

ಇದು ಬರೀ ಊರಿನವರ ಪ್ರಶ್ನೆ ಅಲ್ಲ. ಆಡುವವರಲ್ಲೂ ಹೀಗೆ ಹೇಳುವವರಿದ್ದಾರೆ. ಹಳೆಯ ದೊಡ್ಡ ಕ್ಲಬ್ಬುಗಳಲ್ಲಿ ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯಬೇಕು, ಭಾನುವಾರ ಆಡಲು ಜಾಗವೇ ಸಿಗುವುದಿಲ್ಲ, ಇನ್ನೂ ಜನ ಬಂದರೆ ಎಲ್ಲಿ ನಿಲ್ಲಿಸುವುದು ಅಂತ ಅವರು ಕೇಳುತ್ತಾರೆ. ಅವರ ಮಾತಿನಲ್ಲೂ ಸತ್ಯ ಇದೆ. ಮೈದಾನಕ್ಕೆ ಜಾಗ ಬೇಕು, ಜಾಗ ಹುಟ್ಟುವುದಿಲ್ಲ.

ಆದರೆ ನಾನು ಒಪ್ಪುವುದಿಲ್ಲ. ನಮ್ಮ ದೇಶಕ್ಕೆ ಈ ಆಟ ಬಂದು ಎಷ್ಟು ಕಾಲ ಆಯಿತು ನೋಡಿ. ಕೋಲ್ಕತ್ತದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಶುರುವಾದದ್ದು 1829ರಲ್ಲಿ. ಬ್ರಿಟನ್, ಐರ್ಲೆಂಡ್ ಬಿಟ್ಟರೆ ಪ್ರಪಂಚದಲ್ಲೇ ಅದು ಅತಿ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಸುಮಾರು ಇನ್ನೂರು ವರ್ಷದಿಂದ ಇಲ್ಲಿ ಇರುವ ಆಟವನ್ನು ನಮ್ಮ ತಾಲೂಕಿನ ಒಂದು ಮಗು ಕಣ್ಣಲ್ಲೂ ನೋಡಿಲ್ಲ ಅಂದರೆ ಅದು ಆಟದ ತಪ್ಪಲ್ಲ, ಗೇಟಿನ ತಪ್ಪು. ಆ ಗೇಟಿನ ಒಳಗೆ ಎಲ್ಲರನ್ನೂ ಸೇರಿಸಲು ಆಗದಿರಬಹುದು. ಆಟ ಹೊರಗೆ ಬರಬಹುದಲ್ಲ? ನಾನು ಕೇಳುವುದು ಅಷ್ಟೇ.

ಇದು ದುಡ್ಡಿದ್ದವರ ಆಟ ಅಲ್ವಾ?

ಹೆಚ್ಚಿನ ಕಡೆ ಹೌದು. ಆದರೆ ಹುಟ್ಟಿನಿಂದ ಹಾಗೆ ಅಲ್ಲ. ಈ ಆಟ ಬೆಳೆದು ಬಂದ ಸ್ಕಾಟ್ಲೆಂಡಿನಲ್ಲಿ ಸಮುದ್ರಕ್ಕೂ ಹೊಲಕ್ಕೂ ನಡುವೆ ಹೊಯಿಗೆ ನೆಲ, ಅಂದರೆ ಮರಳಿನ ನೆಲ, ಇರುತ್ತದೆ. ಬೆಳೆ ಬೆಳೆಯಲು ಆಗದ ಜಾಗ. ಅಲ್ಲಿ ಕುರಿಗಳು ಮೇದು ಹುಲ್ಲು ಗಿಡ್ಡ ಆಗುತ್ತಿತ್ತು, ಜನ ಅದರ ಮೇಲೆ ಆಡುತ್ತಿದ್ದರು. ಪ್ರಸಿದ್ಧವಾದ ಸೇಂಟ್ ಆಂಡ್ರ್ಯೂಸ್‌ನ ಹಳೇ ಮೈದಾನ ಈಗಲೂ ಸಾರ್ವಜನಿಕರ ಜಾಗ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟ ಇಲ್ಲ. ಊರಿನವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ತಿರುಗಾಡುತ್ತಾರೆ. 18 ಗುಂಡಿ ಅನ್ನುವ ಲೆಕ್ಕವೂ ಅಲ್ಲಿಂದಲೇ ಬಂತು. ಮೊದಲು 22 ಇತ್ತು, 1764ರಲ್ಲಿ 18 ಮಾಡಿದರು.

ಇನ್ನು ನಮ್ಮವರ ಕಥೆ. ದೆಹಲಿಯ ಅಲಿ ಶೇರ್ ಕ್ಯಾಡಿಯಾಗಿದ್ದವರು. ಅಂದರೆ ಬೇರೆಯವರ ಕೋಲಿನ ಚೀಲ ಹೊರುವ ಕೆಲಸ. ಅವರು 1991ರಲ್ಲಿ ನಮ್ಮ ದೇಶದ ದೊಡ್ಡ ಗಾಲ್ಫ್ ಪಂದ್ಯ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೊಮ್ಮೆ. ಎಸ್.ಎಸ್.ಪಿ. ಚೌರಾಸಿಯಾ ಅವರ ಅಪ್ಪ ಕೋಲ್ಕತ್ತದ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದರು. ನಾನು ಮಾಡಿದ ಕೆಲಸವೇ ಅದು! ಮಗ 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿ ಶುರು ಮಾಡಿದವರು. 2009ರಲ್ಲಿ ಅದೇ ಪ್ರಶಸ್ತಿ ಅವರಿಗೆ ಬಂತು.

ಇವರೆಲ್ಲ ಗೇಟಿನ ಒಳಗೆ ಹೋದದ್ದು ಆಡಲು ಅಲ್ಲ, ದುಡಿಯಲು. ಆಟ ಅವರ ಕೈಗೆ ಹತ್ತಿದ್ದು ಆಮೇಲೆ. ದುಡಿಯಲು ಬಂದವರಲ್ಲೇ ಇಷ್ಟು ಜನ ಚಾಂಪಿಯನ್ನುಗಳು ಸಿಕ್ಕಿದರೆ, ಆಡಲೆಂದೇ ಮಕ್ಕಳನ್ನು ಕರೆದರೆ ಎಷ್ಟು ಜನ ಸಿಗಬಹುದು, ನೀವೇ ಯೋಚಿಸಿ.

ಹಾಗಾದರೆ ನಮ್ಮೂರಿನಲ್ಲೂ ಒಂದು ಗಾಲ್ಫ್ ಮೈದಾನ ಆಗಬೇಕು ಅಂತಲಾ?

ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಅದರ ಒಳಗೆ ಹನ್ನೊಂದು ವರ್ಷ ಇದ್ದವನು ನಾನು.

18 ಗುಂಡಿಯ ಮೈದಾನಕ್ಕೆ ನೂರು ಎಕರೆಗಿಂತ ಜಾಸ್ತಿ ಜಾಗ ಬೇಕು. ಬೇಸಿಗೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಎಷ್ಟು ಮಳೆ ಸುರಿದರೂ ಏಪ್ರಿಲ್ ಬಂದಾಗ ಬಾವಿಯ ತಳ ಕಾಣುತ್ತದೆ. ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಸುರಂಗ ಕೊರೆದು, ಜಿನುಗುವ ನೀರನ್ನು ತೋಟಕ್ಕೆ ತಂದುಕೊಂಡ ಊರು ನಮ್ಮದು. ಅಂಥ ನೀರನ್ನು ಆಟದ ಹುಲ್ಲಿಗೆ ಬಿಡಲು ಮನಸ್ಸು ಬರಬಾರದು.

ಅದಕ್ಕಿಂತ ದೊಡ್ಡ ಕಾರಣ ಮದ್ದು. ಗುಂಡಿಯ ಸುತ್ತ ಇರುವ ಹುಲ್ಲಿಗೆ ಗ್ರೀನ್ ಅನ್ನುತ್ತಾರೆ. ಅದನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ದಿನಾ ಕತ್ತರಿಸಬೇಕು. ಅಷ್ಟು ಗಿಡ್ಡ ಕತ್ತರಿಸಿದ ಹುಲ್ಲಿಗೆ ಬಲ ಇರುವುದಿಲ್ಲ. ಬೂಷ್ಟು ಬರುತ್ತದೆ, ಹುಳ ಬರುತ್ತದೆ, ಹಾಗಾಗಿ ಮದ್ದು ಹೊಡೆಯುತ್ತಾರೆ. ನಾನೂ ಹೊಡೆದಿದ್ದೇನೆ. ಇಲ್ಲಿ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಜಿಲ್ಲೆಯಲ್ಲಿ, ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಇವತ್ತಿಗೂ ಹಾಸಿಗೆಯಿಂದ ಏಳಲಾಗದ ಮಕ್ಕಳನ್ನು ನೋಡಿಕೊಳ್ಳುವ ಅಮ್ಮಂದಿರು ಇರುವಾಗ, ಹುಲ್ಲಿನ ಚಂದಕ್ಕೆ ಮದ್ದು ಹೊಡೆಯೋಣ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಆಟದ ಮೊದಲ ನಿಯಮವೇ ಇದು: ನೆಲಕ್ಕೆ ಏನೂ ಸುರಿಯುವುದಿಲ್ಲ.

ಹುಲ್ಲಿನ ಮೈದಾನ ಇಲ್ಲದೆ ಆಡುವುದು ಹೇಗೆ?

ಗಲ್ಫಿನಲ್ಲಿ ಹೇಗೆ ಆಡುತ್ತಿದ್ದರೋ ಹಾಗೆ. ದುಬೈಯಲ್ಲಿ ಪೂರ್ತಿ ಹುಲ್ಲಿನ ದೊಡ್ಡ ಮೈದಾನ ಬಂದದ್ದು 1988ರಲ್ಲಿ, ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನಲ್ಲಿ. ಅದಕ್ಕಿಂತ ಮೊದಲು ಅಲ್ಲಿಯವರು ಮರಳಿನ ಮೇಲೆಯೇ ಆಡುತ್ತಿದ್ದರು. ಗುಂಡಿಯ ಸುತ್ತ ಮರಳಿಗೆ ಎಣ್ಣೆ ಕಲಸಿ ಗಟ್ಟಿ ಮಾಡುತ್ತಿದ್ದರು. ಬಣ್ಣ ಕಂದು. ಹಾಗಾಗಿ ಅದಕ್ಕೆ ಗ್ರೀನ್ ಅನ್ನುವ ಬದಲು ಬ್ರೌನ್ ಅನ್ನುತ್ತಿದ್ದರು. ಆಡುವವರು ಅಂಗೈಯಗಲದ ಪ್ಲಾಸ್ಟಿಕ್ ಹುಲ್ಲಿನ ತುಂಡು ಹಿಡಿದುಕೊಂಡು ಹೋಗಿ, ಅದರ ಮೇಲೆ ಚೆಂಡು ಇಟ್ಟು ಹೊಡೆಯುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರು ಇದನ್ನು ಹೇಳಿದಾಗ ನನಗೆ ನೆನಪಾದದ್ದು ನಮ್ಮ ಬೈಲು. ಡಿಸೆಂಬರಿನ ಹೊತ್ತಿಗೆ ನೀರು ಆರಿ ಗದ್ದೆ ಗಟ್ಟಿಯಾಗುತ್ತದೆ. ಕೂಳೆ ಕುಳ್ಳಗೆ ನಿಂತಿರುತ್ತದೆ. ಗಿಡ್ಡ ದನಗಳು ಮೇದು ಮೇದು ಅದನ್ನೂ ನುಣ್ಣಗೆ ಮಾಡುತ್ತವೆ. ಸ್ಕಾಟ್ಲೆಂಡಿನ ಕುರಿ ಮಾಡಿದ ಕೆಲಸವನ್ನು ಇಲ್ಲಿ ಕಾಸರಗೋಡು ಗಿಡ್ಡ ಮಾಡುತ್ತದೆ.

ಗುಂಡಿಗೆ ಒಂದು ಲೀಟರ್ ಪೈಂಟಿನ ಖಾಲಿ ಡಬ್ಬಿ ಹೂಳುತ್ತೇವೆ. ಗಾಲ್ಫ್ ಗುಂಡಿಯ ಅಗಲ 108 ಮಿಲಿಮೀಟರ್ ಇರಬೇಕು ಅಂತ ನಿಯಮ. ಡಬ್ಬಿಯ ಬಾಯಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಸುತ್ತ ನಾಲ್ಕು ಹೆಜ್ಜೆ ಜಾಗದಲ್ಲಿ ಕೂಳೆ ಕಿತ್ತು, ಸಗಣಿ ಸಾರಿಸುತ್ತೇವೆ, ಅಂಗಳ ಸಾರಿಸಿದ ಹಾಗೆ. ಒಣಗಿದ ಮೇಲೆ ಚೆಂಡು ನೇರ ಉರುಳುತ್ತದೆ. ಬಾವುಟಕ್ಕೆ ಅಡಿಕೆ ಮರದ ಸಲಾಕೆ, ತುದಿಗೆ ಹಳೇ ಲುಂಗಿಯ ತುಂಡು. ಗದ್ದೆಯ ಹುಣಿಯೇ, ಅಂದರೆ ಬದುವೇ, ಅಡೆತಡೆ. ಒಟ್ಟು ಆರು ಗುಂಡಿ ಉಂಟು, ಅತಿ ದೂರದ್ದು ತೊಂಬತ್ತು ಹೆಜ್ಜೆ.

ಮುರಕಲ್ಲಿನ ಪದವಿನಲ್ಲೂ, ಅಂದರೆ ಗುಡ್ಡದ ಮೇಲಿನ ಕೆಂಪು ಕಲ್ಲಿನ ಬಯಲಿನಲ್ಲೂ, ಆಡಿ ನೋಡಿದೆವು. ಚೆಂಡು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ. ಕೋಲಿನ ತಲೆಯೂ ಹಾಳು. ಗದ್ದೆಯೇ ಸರಿ.

ಖರ್ಚು ಎಷ್ಟು?

ಮಕ್ಕಳಿಗೆ ಏನೂ ಇಲ್ಲ. ಹೊಸ ಪೂರ್ತಿ ಸೆಟ್ಟಿಗೆ ಹತ್ತಾರು ಸಾವಿರ ಆಗುತ್ತದೆ, ನಿಜ. ಆದರೆ ಪೂರ್ತಿ ಸೆಟ್ ಯಾರಿಗೆ ಬೇಕು? ಒಬ್ಬರು ಜಾಸ್ತಿ ಅಂದರೆ 14 ಕೋಲು ಇಟ್ಟುಕೊಳ್ಳಬಹುದು ಅಂತ ನಿಯಮ ಹೇಳುತ್ತದೆ. ಇಷ್ಟೇ ಇರಬೇಕು ಅಂತ ಹೇಳುವುದಿಲ್ಲ. ಕಲಿಯುವವರಿಗೆ ಎರಡು ಸಾಕು: ದೂರಕ್ಕೆ ಒಂದು ಸೆವೆನ್ ಐರನ್, ಗುಂಡಿಯ ಹತ್ತಿರ ಉರುಳಿಸಲು ಒಂದು ಪಟರ್. ನಮ್ಮ ಹತ್ತಿರ ಇರುವುದು ಹನ್ನೊಂದು ಕೋಲು, ಎಲ್ಲಾ ಹಳೆಯವು. ಆಡುವವರು ಹೊಸತು ತೆಗೆದುಕೊಂಡಾಗ ಮೂಲೆಗೆ ಎಸೆದದ್ದನ್ನು ಕೇಳಿ ತಂದೆ. ಸಣ್ಣವರಿಗಾಗಿ ನಾಲ್ಕನ್ನು ಕತ್ತರಿಸಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ.

ಗಾಲ್ಫ್ ಬೆಳೆಯಬೇಕು ಅನ್ನುವವರಿಗೆ ನನ್ನ ಒಂದೇ ಬೇಡಿಕೆ ಇದು. ಜಾಹೀರಾತು ಬೇಡ, ಮೂಲೆಯಲ್ಲಿ ಧೂಳು ಹಿಡಿಯುವ ಕೋಲುಗಳನ್ನು ಹಳ್ಳಿ ಶಾಲೆಗಳಿಗೆ ಕೊಡಿ.

ಮಕ್ಕಳು ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್ ಬಿಟ್ಟು ಇದಕ್ಕೆ ಬರುತ್ತಾರಾ?

ಬಿಡಬೇಕಾಗಿಯೇ ಇಲ್ಲ. ಬೆಳಿಗ್ಗೆ ನಮ್ಮಲ್ಲಿ ಆಡಿದ ಹುಡುಗರೇ ಸಂಜೆ ಏಳೇಳು ಜನರ ಸೆವೆನ್ಸ್ ಫುಟ್‌ಬಾಲಿಗೆ ಓಡುತ್ತಾರೆ. ಕುಟ್ಟಿದೊಣ್ಣೆ (ಚಿನ್ನಿದಾಂಡು) ಆಡಿದ ಕೈಗೆ ಈ ಕೋಲು ಹೊಸತೂ ಅನ್ನಿಸುವುದಿಲ್ಲ.

ಶುರುವಿನಲ್ಲೇ ಮಕ್ಕಳಿಗೆ ಬೇಜಾರು ಬಾರದ ಹಾಗೆ ಏನು ಮಾಡುತ್ತೀರಿ?

ಹೊಸಬರು ಈ ಆಟ ಬಿಟ್ಟು ಹೋಗಲು ಮುಖ್ಯ ಕಾರಣ ದುಡ್ಡಲ್ಲ. ಮೊದಲ ದಿನವೇ ಉದ್ದದ ಕೋಲು ಕೈಗೆ ಕೊಟ್ಟು 'ಹೊಡಿ' ಅನ್ನುತ್ತಾರೆ. ಹತ್ತು ಸಲ ಬೀಸಿದರೆ ಎಂಟು ಸಲ ಗಾಳಿಗೆ ಹೋಗುತ್ತದೆ. ಮಗುವಿಗೆ ನಾಚಿಕೆ ಆಗುತ್ತದೆ. ಮತ್ತೆ ಬರುವುದಿಲ್ಲ.

ನಾವು ಹಿಂದಿನಿಂದ ಮುಂದಕ್ಕೆ ಹೋಗುತ್ತೇವೆ. ಮೊದಲು ಗುಂಡಿಯಿಂದ ಒಂದು ಮೊಳ ದೂರ. ಬಿತ್ತಾ? ಎರಡು ಮೊಳ. ಆಮೇಲೆ ನಾಲ್ಕು ಹೆಜ್ಜೆ. ಚೆಂಡು ಡಬ್ಬಿಗೆ ಬಿದ್ದಾಗ 'ಟಣ್' ಅಂತ ಸದ್ದು ಬರುತ್ತದಲ್ಲ, ಆ ಸದ್ದು ಕೇಳಿದ ಮಗು ಮನೆಗೆ ಹೋಗಲು ಒಪ್ಪುವುದಿಲ್ಲ. ಕೋಲನ್ನು ತಲೆಯ ಮೇಲೆ ಎತ್ತುವುದು ನಾಲ್ಕನೇ ವಾರಕ್ಕೆ.

ಗುಂಡಿ ದೊಡ್ಡದು ಮಾಡುವ ಪ್ರಯೋಗವೂ ನಡೆದಿದೆ. 2014ರಲ್ಲಿ ಅಮೆರಿಕದಲ್ಲಿ 15 ಇಂಚು ಅಗಲದ ಗುಂಡಿ ಇಟ್ಟು ದೊಡ್ಡ ಆಟಗಾರರನ್ನೇ ಆಡಿಸಿ ನೋಡಿದರು. ಮಾಮೂಲಿ ಗುಂಡಿಯ ಮೂರೂವರೆ ಪಟ್ಟು ಅಗಲ. ಅದು ನಿಲ್ಲಲಿಲ್ಲ. ನನ್ನ ಅನುಭವದಲ್ಲೂ ಹಾಗೆಯೇ. ಆರು ವರ್ಷದವರಿಗೆ ಬಕೆಟ್ ಹೂತು ಕೊಟ್ಟರೆ ಒಂದು ಭಾನುವಾರ ಖುಷಿ. ಮುಂದಿನ ವಾರ ಅವರೇ 'ಮಾಮ, ಅಣ್ಣನವರ ಸಣ್ಣ ಡಬ್ಬಿ ಬೇಕು' ಅನ್ನುತ್ತಾರೆ. ಕಷ್ಟ ಇರುವುದರಲ್ಲೇ ರುಚಿ ಇದೆ. ದೂರ ಕಡಿಮೆ ಮಾಡಿ, ಗುಂಡಿ ಹಾಗೇ ಇರಲಿ.

ಫುಟ್‌ಗಾಲ್ಫ್ ಮಾತ್ರ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು. ಕೋಲೇ ಬೇಡ. ಫುಟ್‌ಬಾಲನ್ನು ಒದ್ದು 21 ಇಂಚಿನ ಗುಂಡಿಗೆ ಬೀಳಿಸುವುದು. 2012ರಲ್ಲಿ ಹಂಗೇರಿಯಲ್ಲಿ ಇದರ ವಿಶ್ವಕಪ್ಪೇ ಆಯಿತು. ಫುಟ್‌ಬಾಲ್ ಹುಚ್ಚಿನ ತೃಕ್ಕರಿಪುರದ ಕಡೆಯ ಹುಡುಗರಿಗೆ ಇದನ್ನು ಒಮ್ಮೆ ತೋರಿಸಬೇಕು ಅಂತ ಆಸೆ ಇದೆ.

ಹುಡುಗಿಯರನ್ನು ಕಳಿಸಬಹುದಾ?

ದಯವಿಟ್ಟು ಕಳಿಸಿ. ಈ ಆಟದಲ್ಲಿ ನಮ್ಮ ದೇಶದ ಹೆಸರು ಎತ್ತಿ ಹಿಡಿದವರಲ್ಲಿ ಕನ್ನಡ ನೆಲದ ಹುಡುಗಿಯರು ಮುಂದಿದ್ದಾರೆ. ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೋ ಒಲಿಂಪಿಕ್ಸಿಗೆ ಹೋದಾಗ ಅವರಿಗೆ 18 ವರ್ಷ. ಅಪ್ಪನೇ ಕ್ಯಾಡಿ. 112 ವರ್ಷ ಬಿಟ್ಟು ಗಾಲ್ಫ್ ಒಲಿಂಪಿಕ್ಸಿಗೆ ಮರಳಿದ ವರ್ಷ ಅದು. ಟೋಕಿಯೋದಲ್ಲಿ ಚೀಲ ಹೊತ್ತವರು ಅಮ್ಮ. 2021ರ ಆಗಸ್ಟ್ 7ರ ಬೆಳಿಗ್ಗೆ, ಗಾಲ್ಫ್ ಅಂದರೆ ಏನೆಂದೇ ಗೊತ್ತಿಲ್ಲದವರೂ ಟಿ.ವಿ. ಮುಂದೆ ಕೂತಿದ್ದರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ ಆಯಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಅವರಿಗೆ ಬೆಳ್ಳಿ ಬಂತು. ಆ ಮಹಿಳಾ ತಂಡದ ಇನ್ನಿಬ್ಬರು ಬೆಂಗಳೂರಿನ ಅವನಿ ಪ್ರಶಾಂತ್ ಮತ್ತು ಮೈಸೂರಿನ ಪ್ರಣವಿ ಅರಸ್. ಮೂವರೂ ಕರ್ನಾಟಕದವರು!

ದಕ್ಷಿಣ ಕೊರಿಯಾದ ಪಾಕ್ ಸೆ-ರಿ ಅನ್ನುವ ಹುಡುಗಿ 1998ರಲ್ಲಿ ಅಮೆರಿಕದ ಮಹಿಳಾ ಓಪನ್ ಗೆದ್ದಳು. ಅದನ್ನು ನೋಡಿ ಬೆಳೆದ ಅಲ್ಲಿಯ ಹುಡುಗಿಯರು ಆಮೇಲೆ ಪ್ರಪಂಚದ ಗಾಲ್ಫನ್ನೇ ಆಳಿದರು. ಅಂಥ ಬೆಳಿಗ್ಗೆ ನಮಗೂ 2021ರಲ್ಲಿ ಸಿಕ್ಕಿತ್ತು. ಆ ದಿನ ಟಿ.ವಿ. ನೋಡಿ 'ನಾನೂ ಆಡುತ್ತೇನೆ' ಅಂದ ಮಕ್ಕಳಿಗೆ ಮರುದಿನ ಕೋಲು ಹಿಡಿಯಲು ಜಾಗ ಇರಲಿಲ್ಲ. ನನಗೆ ಬೇಸರ ಇರುವುದು ಅಲ್ಲಿ. ನಾನು ಊರಿನಲ್ಲಿ ಡಬ್ಬಿ ಹೂಳಲು ಶುರು ಮಾಡಿದ್ದೂ ಆಮೇಲೆಯೇ.

ನಮ್ಮಲ್ಲಿ ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಾಳೆ. ಮಾತು ಕಡಿಮೆ. ಹೊಡೆಯುವ ಮೊದಲು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ನೆಲವನ್ನು ಅಂಗೈಯಿಂದ ಸವರಿ ನೋಡುತ್ತಾಳೆ. ಸಗಣಿ ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ತಗ್ಗು ಅಂತ. ನಾನು ಹೇಳಿಕೊಟ್ಟದ್ದಲ್ಲ. 'ಮನೆಯಲ್ಲಿ ಅಂಗಳ ಸಾರಿಸುವುದು ನಾನೇ ಅಲ್ವಾ, ನೀರು ಯಾವ ಕಡೆ ಹೋಗುತ್ತದೆ ಅಂತ ಗೊತ್ತಾಗುತ್ತದೆ' ಅಂದಳು. ದೊಡ್ಡ ಆಟಗಾರರು ಗ್ರೀನ್ ಓದುವುದು ಅಂತ ಹೇಳುವುದು ಇದನ್ನೇ.

ವಯಸ್ಸಾದವರು ಕಲಿಯಬಹುದಾ?

ಬನ್ನಿ. 18 ಗುಂಡಿಯ ಆಟದಲ್ಲಿ ಏಳೆಂಟು ಕಿಲೋಮೀಟರ್ ನಡಿಗೆ ಆಗುತ್ತದೆ. ನಮ್ಮ ಆರು ಗುಂಡಿಯನ್ನು ಮೂರು ಸುತ್ತು ಹೊಡೆದರೂ ಮೈ ಬೆವರುತ್ತದೆ. ಗಲ್ಫಿನಿಂದ ವಾಪಸ್ ಬಂದು ಶುಗರ್, ಬಿ.ಪಿ. ಅಂತ ಮನೆಯಲ್ಲಿ ಕೂತವರಿಗೆ ಸುಮ್ನೆ ನಡೆಯಿರಿ ಅಂದರೆ ಬೇಜಾರು. ಚೆಂಡಿನ ಹಿಂದೆ ಆದರೆ ನಡೆಯುತ್ತಾರೆ. ಈ ಆಟದಲ್ಲಿ ಹ್ಯಾಂಡಿಕ್ಯಾಪ್ ಅಂತ ಒಂದು ಲೆಕ್ಕ ಉಂಟು. ಹೊಸಬರಿಗೆ 54 ಹೊಡೆತದವರೆಗೆ ರಿಯಾಯಿತಿ ಸಿಗುತ್ತದೆ. ಹಾಗಾಗಿ ಅಜ್ಜನೂ ಮೊಮ್ಮಗನೂ ಸರಿಸಮ ನಿಂತು ಆಡಬಹುದು. ಬೇರೆ ಯಾವ ಆಟದಲ್ಲಿ ಇದು ಸಾಧ್ಯ?

ದನ ಕಟ್ಟಲು ಬಂದ ಒಬ್ಬರು ಅಜ್ಜಿ 'ಇಷ್ಟು ದೊಡ್ಡ ಗದ್ದೆಯಲ್ಲಿ ಅಷ್ಟು ಸಣ್ಣ ಗುಂಡಿ ಎಂತಕ್ಕೆ ಮಾರಾಯಾ?' ಅಂತ ಕೇಳಿದರು. ಪಟರ್ ಕೈಗೆ ಕೊಟ್ಟೆ. ಮೂರನೇ ಸಲಕ್ಕೆ ಬೀಳಿಸಿದರು. ಈಗ ದನವನ್ನು ಭಾನುವಾರ ಆ ಹೊತ್ತಿಗೇ ತರುತ್ತಾರೆ.

ಅಪಾಯ ಇಲ್ವಾ?

ಇದೆ. ಚೆಂಡಿನ ತೂಕ 46 ಗ್ರಾಂ ಒಳಗೆ, ಆದರೆ ಕಲ್ಲಿನ ಹಾಗೆ ಗಟ್ಟಿ. ಕೋಲು ಬೀಸುವವರ ಹಿಂದೆ ನಿಂತರೆ ಮೂತಿ ಒಡೆಯುತ್ತದೆ. ಹೊಡೆಯುವವರಿಂದ ಐದು ಹೆಜ್ಜೆ ದೂರ, ಯಾವತ್ತೂ ಮುಂದೆ ಅಲ್ಲ. ಚೆಂಡು ಯಾರ ಕಡೆಗಾದರೂ ಹೋದರೆ 'ಫೋರ್' ಅಂತ ಜೋರಾಗಿ ಕೂಗಬೇಕು. ನಮ್ಮವರು 'ಓಯ್' ಅನ್ನುತ್ತಾರೆ, ಅದೂ ಸಾಕು. ಹತ್ತು ವರ್ಷದ ಒಳಗಿನವರಿಗೆ ನಿಜವಾದ ಚೆಂಡು ಕೊಡುವುದೇ ಇಲ್ಲ. ಟೆನಿಸ್ ಚೆಂಡು.

ನಿಯಮ ಎಲ್ಲಾ ಇಂಗ್ಲಿಷಿನಲ್ಲಿ ಇರುತ್ತದಲ್ಲ?

ಮಕ್ಕಳೇ ಹೆಸರು ಇಟ್ಟುಕೊಂಡಿದ್ದಾರೆ. ಫೇರ್‌ವೇ ಅಂದರೆ ಬೈಲು, ಗ್ರೀನ್ ಅಂದರೆ ಅಂಗಳ, ಬಂಕರ್ ಅಂದರೆ ಹೊಯಿಗೆ ಗುಂಡಿ. ಎಣಿಕೆ ತುಳು, ಮಲಯಾಳ, ಕನ್ನಡ ಎಲ್ಲಾ ಸೇರಿ. ನಿಯಮವೂ ಮೊದಲಿನಷ್ಟು ತೊಡಕಿಲ್ಲ. 2019ರಲ್ಲಿ ಬಹಳ ಸರಳ ಮಾಡಿದರು. ಕಳೆದ ಚೆಂಡು ಹುಡುಕಲು ಮೊದಲು ಐದು ನಿಮಿಷ ಇತ್ತು, ಈಗ ಮೂರು. ಆಟ ಬೇಗ ಸಾಗುವ ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು.

ಬಟ್ಟೆ, ಶೂ ಏನಾದರೂ ಬೇಕಾ?

ನಮ್ಮ ಗದ್ದೆಗೆ ಬೇಡ. ಬರಿಗಾಲಲ್ಲಿ ಬನ್ನಿ. ಕೂಳೆ ಚುಚ್ಚುತ್ತದೆ ಅಂದರೆ ಚಪ್ಪಲಿ ಹಾಕಿ.

ಈ ಪ್ರಶ್ನೆ ಬಂದಾಗೆಲ್ಲ ನನಗೆ ಒಂದು ದಿನ ನೆನಪಾಗುತ್ತದೆ. ಐದು ಮಕ್ಕಳನ್ನು ಕರೆದುಕೊಂಡು, ನಸುಕಿನ ಬಸ್ಸು ಹಿಡಿದು, ದೂರದ ಒಂದು ಊರಿನ ಮೈದಾನ ನೋಡಲು ಹೋಗಿದ್ದೆ. ಮೊದಲೇ ಫೋನ್ ಮಾಡಿ ಕೇಳಿದ್ದೆ, ಬನ್ನಿ ಅಂದಿದ್ದರು. ಗೇಟಿನಲ್ಲಿ ಮಕ್ಕಳ ಕಾಲು ನೋಡಿದರು. ಕಾಲರ್ ಇಲ್ಲದ ಅಂಗಿ ನೋಡಿದರು. ಒಳಗೆ ಬಿಡಲಿಲ್ಲ. ಆಡಲು ಅಲ್ಲ, ನೋಡಲು ಬಂದದ್ದು ಅಂತ ಹೇಳಿದರೂ ಕೇಳಲಿಲ್ಲ. ಬೇಲಿಯ ಹೊರಗೆ ಮರದ ನೆರಳಲ್ಲಿ ಕೂತು ಅವಲಕ್ಕಿ ತಿಂದು ವಾಪಸ್ ಬಂದೆವು. ಆ ಐವರಲ್ಲಿ ಇಬ್ಬರು ಮತ್ತೆ ಕೋಲು ಮುಟ್ಟಲಿಲ್ಲ.

ಹೊಸಬರು ಬರುತ್ತಿಲ್ಲ ಅಂತ ಸಭೆ ಮಾಡುವವರು ಮೊದಲು ತಮ್ಮ ಗೇಟಿನ ಹೊರಗೆ ಬಂದು ಒಂದು ಗಂಟೆ ನಿಲ್ಲಬೇಕು. ಹುಲ್ಲು ಹಾಳಾಗದ ಶೂ ಬೇಕು ಅನ್ನುವುದು ನ್ಯಾಯ. ಅದನ್ನು ಗೇಟಿನಲ್ಲೇ ಬಾಡಿಗೆಗೆ ಇಡಿ. ಕಾಲರಿಗೂ ಚೆಂಡಿಗೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ನಿಜವಾದ ಮೈದಾನ ನೋಡುವುದು ಎಲ್ಲಿ?

ನಮಗೆ ಹತ್ತಿರದ್ದು ಮಂಗಳೂರಿನ ಪಿಲಿಕುಳ. ಕೊಡಗಿನಲ್ಲಿ, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ ಒಂದಿದೆ. ಕೇರಳದ ಒಳಗೆ ಅಂದರೆ ಕೊಚ್ಚಿ ವಿಮಾನ ನಿಲ್ದಾಣದ ಬಳಿ, ಇಲ್ಲವೇ ತಿರುವನಂತಪುರ. ಮೊದಲೇ ಕೇಳಿ, ಬಟ್ಟೆಯ ನಿಯಮ ಸಮೇತ ಕೇಳಿ.

ಇದರಿಂದ ಕೆಲಸ ಸಿಗುತ್ತದಾ?

ಆಡಿ ದುಡಿಯುವವರು ಬೆರಳೆಣಿಕೆ. ಆ ಆಸೆ ತೋರಿಸಿ ನಾನು ಯಾರನ್ನೂ ಕರೆಯುವುದಿಲ್ಲ. ಆದರೆ ಹುಲ್ಲು, ನೀರು, ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಗಲ್ಫಿನಲ್ಲಿ ಈಗಲೂ ಜನ ಬೇಕು. ಹೋಗುವವರು ಆಟ ಗೊತ್ತಿದ್ದು ಹೋದರೆ ಮರ್ಯಾದೆ ಬೇರೆ. ನಾನು ಗೊತ್ತಿಲ್ಲದೆ ಹೋದವನು. ಬಾವುಟದ ಕಂಬ ಯಾಕೆ ದಿನಾ ಜಾಗ ಬದಲಾಯಿಸುತ್ತಾರೆ ಅಂತ ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಒಂದೇ ಕಡೆ ಜನ ತುಳಿದರೆ ಹುಲ್ಲು ಸಾಯುತ್ತದೆ, ಅದಕ್ಕೆ.

ಮಳೆಗಾಲದಲ್ಲಿ?

ಶಾಲೆಯ ಜಗಲಿಯಲ್ಲಿ ನಾರಿನ ಚಾಪೆ ಹಾಸಿ ಪಟರ್ ಅಭ್ಯಾಸ. ಗೋಡೆಯ ಬದಿಗೆ ಸ್ಟೀಲ್ ಲೋಟ ಅಡ್ಡ ಮಲಗಿಸಿದರೆ ಅದೇ ಗುಂಡಿ.

ನಮ್ಮ ಶಾಲೆಯಲ್ಲೂ ಶುರು ಮಾಡಬೇಕು. ಮೊದಲು ಏನು ಮಾಡಲಿ?

ಗದ್ದೆಯವರನ್ನು ಕೇಳಿ. ಏಣೆಲಿನ ನಂತರ ಎರಡನೇ ಬೆಳೆಯಾಗಿ ಸುಗ್ಗಿ ಹಾಕುವ ಗದ್ದೆ ಕೇಳಬೇಡಿ, ಖಾಲಿ ಬಿಡುವ ಗದ್ದೆ ನೋಡಿ. ನಮಗೆ ಬಿಟ್ಟುಕೊಟ್ಟವರು ಒಂದೇ ಮಾತು ಹೇಳಿದ್ದರು: 'ನನ್ನ ಎತ್ತಿನ ಕಾಲಿಗೆ ನಿಮ್ಮ ಡಬ್ಬಿ ಸಿಗಬಾರದು.' ಹಾಗಾಗಿ ಎಷ್ಟು ಡಬ್ಬಿ ಹೂತಿರಿ, ಎಲ್ಲಿ ಹೂತಿರಿ ಅಂತ ಪುಸ್ತಕದಲ್ಲಿ ಚಿತ್ರ ಬರೆದಿಡಿ. ಎರಡು ಕೋಲು, ಹತ್ತು ಚೆಂಡು, ಮೂರು ಡಬ್ಬಿ ಇದ್ದರೆ ಮೊದಲ ವರ್ಷಕ್ಕೆ ಧಾರಾಳ. ಕೋಲು ಇಲ್ಲದಿದ್ದರೆ ಫುಟ್‌ಬಾಲಿನಿಂದ ಶುರು ಮಾಡಿ.

ಮೇ ಕೊನೆಗೆ, ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ದಿನಕ್ಕೆ ಭೂತಕೋಲ, ಯಕ್ಷಗಾನ ಎಲ್ಲಾ ನಿಲ್ಲುತ್ತದಲ್ಲ, ನಮ್ಮದೂ ಅವತ್ತಿಗೇ ನಿಲ್ಲುತ್ತದೆ. ಆ ದಿನ ಮಕ್ಕಳೆಲ್ಲ ಸೇರಿ ಡಬ್ಬಿ ಅಗೆದು ತೆಗೆದು, ಗುಂಡಿ ಮುಚ್ಚಿ, ಹುಣಿಯ ಬುಡದಲ್ಲಿ ಸಿಕ್ಕಿಕೊಂಡ ಚೆಂಡು ಹುಡುಕುತ್ತಾರೆ. ಹೋದ ಸಲ ಹದಿನಾರು ಸಿಕ್ಕಿತು. ಡಬ್ಬಿಗಳನ್ನು ತೊಳೆದು, ಬೂದಿ ಹಾಕಿ ಉಜ್ಜಿ, ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಕವುಚಿ ಇಟ್ಟಿದ್ದೇವೆ.